ನೀರುಗಂಟಿಯಿಂದ ವಾಲ್ವ್‌ಮನ್‌ವರೆಗೆ

ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಅವರ ಹೆಸರು ಹೊತ್ತ ಸ್ಥಳಗಳು ಒಂದಕ್ಕೊಂದು ಬಹಳ ದೂರ. ರಾಮನ್ ಸಂಶೋಧನಾ ಸಂಸ್ಥೆ ಇರುವುದು ಮೇಖ್ರಿ ವೃತ್ತದ ಬಳಿ. ಅವರ ಹೆಸರಿನ ಸರ್ಕಾರಿ ಆಸ್ಪತ್ರೆ ಇರುವುದು ಇಂದಿರಾನಗರದಲ್ಲಿ. ಸಿ.ವಿ. ರಾಮನ್ ನಗರ ಇರುವುದು ಇನ್ನೂ ಪೂರ್ವಕ್ಕೆ, ಹಳೆ ಮದರಾಸು ರಸ್ತೆಗೂ ಎಚ್.ಎ.ಎಲ್. ವಿಮಾನ ನಿಲ್ದಾಣಕ್ಕೂ ನಡುವಿನ ಪ್ರದೇಶದಲ್ಲಿ. ಆಟೋ ಹತ್ತಿ ಬರೀ ‘ಸಿ.ವಿ. ರಾಮನ್’ ಎಂದರೆ ಚಾಲಕ ‘ಯಾವುದು ಸಾರ್?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ವಿಚಿತ್ರವೆಂದರೆ, ರಾಮನ್ ಅವರ ಬೆಂಗಳೂರಿನ ಬದುಕೆಲ್ಲ ಊರಿನ ಇನ್ನೊಂದು ಮಗ್ಗುಲಿಗೆ ಸೇರಿದ್ದು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಅವರು ಮಲ್ಲೇಶ್ವರದಲ್ಲಿ ಮನೆ ಮಾಡಿದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದೇ ಸಂಸ್ಥೆಯ ಅಂಗಳದಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು. ಸಮಾಧಿ ಬೇಡ, ಒಂದು ಮರ ಸಾಕು ಎಂಬುದು ಅವರ ಇಚ್ಛೆಯಾಗಿತ್ತು. ಆ ಜಾಗದಲ್ಲಿ ನೆಟ್ಟದ್ದು ಮರವನ್ನೇ. ಸ್ಮಾರಕ ಬೇಡವೆಂದವರ ಹೆಸರಿನಲ್ಲಿ ಈಗ ಒಂದು ಬಡಾವಣೆ, ಒಂದು ಆಸ್ಪತ್ರೆ, 2008ರಿಂದ ಒಂದು ವಿಧಾನಸಭಾ ಕ್ಷೇತ್ರವೂ ಉಂಟು.

ಆದರೆ ‘ಸಿ.ವಿ. ರಾಮನ್ ನಗರ’ ಎಂಬ ಒಂದು ಊರು ಎಂದೂ ಇರಲಿಲ್ಲ. ಅದು ಹಲವು ಊರುಗಳ ಮೇಲೆ ಹೊದಿಸಿದ ಹೆಸರು. 560093 ಎಂಬ ಪಿನ್‌ಕೋಡ್ ಬರೆದು ಕಳಿಸಿದ ಕಾಗದ ಸಿ.ವಿ. ರಾಮನ್ ನಗರದ ಅಂಚೆ ಕಚೇರಿಗೇನೋ ಬರುತ್ತದೆ. ಮನೆ ಸೇರಬೇಕಾದರೆ ಮಾತ್ರ ನಾಗವಾರಪಾಳ್ಯವೋ, ಬೈರಸಂದ್ರವೋ, ಕಗ್ಗದಾಸಪುರವೋ ಎಂದು ಬರೆದಿರಬೇಕು. ಈ ಹಳೆಯ ಹೆಸರುಗಳನ್ನು ಯಾರೂ ಕಾಪಾಡಲಿಲ್ಲ, ಅವು ಬಳಕೆಯಲ್ಲಿ ತಾವಾಗಿಯೇ ಉಳಿದುಕೊಂಡವು. ಏಕೆಂದರೆ ಅವುಗಳಿಲ್ಲದೆ ವಿಳಾಸ ಹೇಳಲು ಬರುವುದಿಲ್ಲ. ಅದರಲ್ಲೂ ಒಂದು ತೊಡಕುಂಟು: ಜಯನಗರದ ಹತ್ತಿರವೂ ಒಂದು ಬೈರಸಂದ್ರವಿದೆ, ಅಲ್ಲಿಗೆ ಹೋಗಿ ಇಲ್ಲಿಯ ಮನೆ ಹುಡುಕಿದವರಿದ್ದಾರೆ.

ತಿಪ್ಪಸಂದ್ರ, ಬೈರಸಂದ್ರ, ಅತ್ತ ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಈ ‘ಸಂದ್ರ’ ಬೇರೇನೂ ಅಲ್ಲ, ‘ಸಮುದ್ರ’ ಎಂಬುದೇ ಆಡುಮಾತಿನಲ್ಲಿ ಸವೆದು ಹಾಗಾಗಿದೆ. ಬಯಲುಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಹೊಯ್ಸಳರ ರಾಜಧಾನಿಯ ಹೆಸರು ದ್ವಾರಸಮುದ್ರ. ಅಲ್ಲೂ ಇದ್ದದ್ದು ಕೆರೆಯೇ. ಕಟ್ಟಿಸಿದವರ ಅಥವಾ ದೇವರ ಹೆಸರಿಗೆ ಸಮುದ್ರ ಸೇರಿಸಿ ಊರಿಗೆ ಹೆಸರಿಡುವುದು ವಾಡಿಕೆಯಾಗಿತ್ತು. ಕೆರೆ ಮೊದಲು, ಊರು ಆಮೇಲೆ ಎಂಬ ಲೆಕ್ಕ ಈ ಹೆಸರುಗಳೊಳಗೇ ಇದೆ.

ಇದು ಬರೀ ಊಹೆಯಲ್ಲ. ಇಲ್ಲಿಂದ ಸ್ವಲ್ಪ ಪೂರ್ವಕ್ಕಿರುವ ವಿಭೂತಿಪುರದಲ್ಲಿ 1307ರ ಒಂದು ಶಾಸನವಿದೆ. ಮೂರನೆಯ ಬಲ್ಲಾಳನ ಕಾಲದ್ದು, ಭಾಷೆ ತಮಿಳು. ಕಾಡು ಕಡಿದು, ನೆಲ ಸಮ ಮಾಡಿ, ಊರು ಕಟ್ಟಿ, ಮರಳು ತೆಗೆದು ಕೆರೆ ಮಾಡಿದ ಸಂಗತಿ ಅದರಲ್ಲಿದೆ. ಒಂದು ಬಡಾವಣೆ ಹುಟ್ಟಿದ ಬಗೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವ ದಾಖಲೆ ನಮ್ಮ ಯಾವ ಕಚೇರಿಯ ಕಡತದಲ್ಲೂ ಸಿಗಲಾರದು. ಬೆಂಗಳೂರಿನ ಪೂರ್ವಭಾಗದಲ್ಲಿ ಏಳುನೂರು ವರ್ಷಗಳ ಹಿಂದೆ ತಮಿಳಿನಲ್ಲೂ ಶಾಸನ ಬರೆಸುತ್ತಿದ್ದರು ಎಂಬುದು ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನಕ್ಕೆ ಹೋದವರಿಗೂ ಗೊತ್ತಾಗುತ್ತದೆ.

ಇಲ್ಲಿ ಕೆರೆ ಏಕೆ ಬೇಕಿತ್ತು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಇಲ್ಲಿ ಹರಿಯುವ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಇಳಿಜಾರು ಹುಡುಕಿಕೊಂಡು ಹೊರಟುಹೋಗುತ್ತದೆ. ಅದನ್ನು ಮಣ್ಣಿನ ಏರಿ ಹಾಕಿ ತಡೆದರೆ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಹೀಗೆ ಒಂದರ ಕೆಳಗೊಂದು ಸರಪಣಿ. ಪೂರ್ವದ ಕೆರೆಗಳ ನೀರೆಲ್ಲ ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿ ಮುಟ್ಟುತ್ತದೆ. ಕಗ್ಗದಾಸಪುರ, ಬೈರಸಂದ್ರ, ವಿಭೂತಿಪುರದ ಕೆರೆಗಳು ಈ ಸರಪಣಿಯಲ್ಲಿ ಉಳಿದಿರುವ ಕೊಂಡಿಗಳು.

ಕೆರೆ ಕಟ್ಟಿದರಷ್ಟೇ ಸಾಲದು, ನೋಡಿಕೊಳ್ಳುವವನೂ ಬೇಕು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆ ಕೆಲಸ ನೀರುಗಂಟಿಯದು. ತೂಬು ಎತ್ತುವುದು, ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು, ಕಾಲುವೆಯ ಹೂಳು ತೆಗೆಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಕಣ್ಣಿಡುವುದು. ಕೆರೆ ಅರ್ಧ ತುಂಬಿದ ವರ್ಷ ಅವನ ಮಾತಿಗೆ ಬೆಲೆ ಹೆಚ್ಚು. ಯಾರ ಗದ್ದೆಯೂ ಪೂರ್ತಿ ಒಣಗದಂತೆ ಇದ್ದಷ್ಟನ್ನು ಹಂಚುವುದು ಅವನ ಜಾಣತನಕ್ಕೆ ಬಿಟ್ಟದ್ದು. ಸಂಬಳವಿಲ್ಲ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಎಂದು ಕಾಳು, ಕೆಲವೆಡೆ ಇನಾಂ ಭೂಮಿ.

ನೀರುಗಂಟಿ ಒಬ್ಬನೇ ಅಲ್ಲ. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಎಂದು ಹಳ್ಳಿಗೆ ಹನ್ನೆರಡು ಮಂದಿ ಆಯಗಾರರು ಎಂಬ ಲೆಕ್ಕವಿತ್ತು. ನಾವು ಇಂದು ‘ನಾಗರಿಕ ಸೇವೆ’ ಎನ್ನುವುದೆಲ್ಲ ಇವರ ಕೈಯಲ್ಲಿತ್ತು. ಸುದ್ದಿ ಸಾರುವುದೂ ಒಂದು ಸೇವೆಯೇ. ನಾಳೆ ಕಂದಾಯ ಕಟ್ಟಬೇಕು, ಮಂಗಳವಾರ ಮಾರಮ್ಮನ ಹಬ್ಬ, ಕೆರೆ ಕೆಲಸಕ್ಕೆ ಮನೆಗೊಬ್ಬರು ಬರಬೇಕು — ಇದನ್ನೆಲ್ಲ ತಮಟೆ ಬಡಿದು ಸಾರಿದರೆ ಮುಗಿಯಿತು. ಊರಿಗೆ ಸುದ್ದಿ ಬಂತೆಂದರೆ ಎಲ್ಲರಿಗೂ ಬಂತು. ಕೇಳಲಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಇದನ್ನು ಓದಿ ಅದೊಂದು ಸುಖದ ಕಾಲವಾಗಿತ್ತು ಎಂದುಕೊಳ್ಳುವುದು ಬೇಡ. ತಮಟೆ ಬಡಿದವನು, ರಾತ್ರಿ ಏರಿ ಕಾದವನು ಬಹುಮಟ್ಟಿಗೆ ದಲಿತ ಕುಟುಂಬದವನು. ಕೆಲಸ ಹುಟ್ಟಿನಿಂದ ಬಂದದ್ದು, ಬೇಡವೆನ್ನುವ ಹಕ್ಕಿಲ್ಲ. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯಿಂದ ನೀರು ಸೇದುವಂತಿರಲಿಲ್ಲ ಎಂಬುದನ್ನು ಮರೆತು ಕೆರೆಗಳ ವೈಭವ ಬರೆಯುವ ಲೇಖನಗಳು ಬಹಳ ಬಂದಿವೆ. ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದುಪಡಿಸಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ; ಜಾರಿಗೆ ಬಂದದ್ದು 1963ರಲ್ಲಿ. ಆಗಬೇಕಾದದ್ದೇ ಆಯಿತು. ಆದರೆ ಹುದ್ದೆ ಹೋದಾಗ ಕೆಲಸ ಉಳಿದುಕೊಂಡಿತು. ಅದನ್ನು ಯಾರು ಮಾಡಬೇಕು ಎಂಬುದಕ್ಕೆ ಎಲ್ಲ ಕಡೆಯೂ ಒಂದೇ ಉತ್ತರ ಸಿಗಲಿಲ್ಲ.

ಅಷ್ಟು ಹೊತ್ತಿಗೆ ಈ ಭಾಗಕ್ಕೆ ಹೊಸ ಆಯಗಾರರು ಬಂದಿದ್ದರು. 1940ರಲ್ಲಿ ಎಚ್.ಎ.ಎಲ್. ಬಂತು. 1948ರಲ್ಲಿ ದೂರವಾಣಿ ಉಪಕರಣ ಮಾಡುವ ಐ.ಟಿ.ಐ. ಬಂತು, ಅದರ ಸುತ್ತ ದೂರವಾಣಿನಗರ. 1964ರಲ್ಲಿ ಬಿ.ಇ.ಎಂ.ಎಲ್. ಬೈಯಪ್ಪನಹಳ್ಳಿಯ ಕಡೆ ಎನ್.ಜಿ.ಇ.ಎಫ್. ಜೊತೆಗೆ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು: ರೇಡಾರ್ ಮಾಡುವ ಎಲ್.ಆರ್.ಡಿ.ಇ., ವಿಮಾನದ ಎಂಜಿನ್ ಮಾಡುವ ಜಿ.ಟಿ.ಆರ್.ಇ., ಹೊಸ ತಿಪ್ಪಸಂದ್ರದಲ್ಲಿ ಎ.ಡಿ.ಇ. ‘ಆಕಾಶ್’ ಕ್ಷಿಪಣಿಗೆ ಕಣ್ಣಾದ ‘ರಾಜೇಂದ್ರ’ ರೇಡಾರ್ ಸಿದ್ಧವಾದದ್ದು ಈ ಎಲ್.ಆರ್.ಡಿ.ಇ.ಯಲ್ಲಿ. ಜಿ.ಟಿ.ಆರ್.ಇ. ಕೈಹಾಕಿದ ಎಂಜಿನ್ನಿನ ಹೆಸರು ‘ಕಾವೇರಿ’. ಗೋಡೆಯ ಆಚೆ ಆ ಕಾವೇರಿಗಾಗಿ, ಈಚೆ ನಲ್ಲಿಯ ಕಾವೇರಿಗಾಗಿ, ಎರಡೂ ಕಡೆಯವರು ಬಹಳ ಕಾಲ ಕಾದಿದ್ದಾರೆ.

ವಿಜ್ಞಾನಿಯ ಹೆಸರಿನ ನಗರದ ಪಕ್ಕದ ರಸ್ತೆಗೆ ಒಬ್ಬ ವೈಮಾನಿಕನ ಹೆಸರು. ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಂಚಾರ ದಟ್ಟಣೆಗೆ ಸಿಕ್ಕಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತೋ! 1961ರ ಜೂನ್ 17ರಂದು ಎಚ್.ಎ.ಎಲ್. ತಯಾರಿಸಿದ ‘ಮಾರುತ್’ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರು ಅವರು. 1970ರ ಜನವರಿಯಲ್ಲಿ ಅದೇ ಮಾದರಿಯ ವಿಮಾನದ ಪರೀಕ್ಷಾ ಹಾರಾಟದಲ್ಲಿ ಇಲ್ಲಿಯೇ ಪ್ರಾಣ ಕಳೆದುಕೊಂಡರು.

ಕಾರ್ಖಾನೆಯ ವಸತಿಗೃಹದಲ್ಲಿ ಇದ್ದವರಿಗೆ ನಾಗರಿಕ ಸೇವೆ ಎಂದರೆ ಕಂಪನಿಯೇ. ನೀರು, ಬೀದಿ ದೀಪ, ಆಸ್ಪತ್ರೆ, ಶಾಲೆ, ಕೆಲಸಕ್ಕೆ ಕರೆದೊಯ್ಯುವ ಬಸ್ಸು. ನಲ್ಲಿ ಕೆಟ್ಟರೆ ಎಸ್ಟೇಟ್ ಕಚೇರಿಯ ಪುಸ್ತಕದಲ್ಲಿ ಬರೆದು ಬರಬೇಕು. ತಮಟೆಯ ಜಾಗದಲ್ಲಿ ಸೈರನ್. ಸುದ್ದಿಗೆ ಗೇಟಿನ ಬಳಿಯ ನೋಟಿಸ್ ಬೋರ್ಡು. ಈ ಉದ್ದಿಮೆಗಳ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಕವಿಗೋಷ್ಠಿ ಎಂದು ವರ್ಷವಿಡೀ ಏನಾದರೊಂದು ನಡೆಸುತ್ತಿದ್ದವು. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಬೀದಿಗಿಳಿದವರಲ್ಲಿ ಸಾರ್ವಜನಿಕ ಉದ್ದಿಮೆಗಳ ನೌಕರರೂ ಇದ್ದರು. ನವೆಂಬರ್ ಒಂದರಂದು ಆರಂಭವಾದ ರಾಜ್ಯೋತ್ಸವ ಡಿಸೆಂಬರ್ ಮುಗಿದರೂ ಮುಗಿಯದ ಬೆಂಗಳೂರಿನ ಪದ್ಧತಿಗೆ ಇವರ ಕೊಡುಗೆ ಸಣ್ಣದಲ್ಲ.

ಕಷ್ಟವೆಲ್ಲ ಕಾಂಪೌಂಡಿನ ಹೊರಗಿದ್ದವರದು. ಕಾರ್ಖಾನೆಗೆ ಬಂದವರಿಗೆಲ್ಲ ವಸತಿಗೃಹ ಸಿಗಲಿಲ್ಲ. ನಿವೃತ್ತರಾದವರು ಊರಿಗೆ ಮರಳಲಿಲ್ಲ. ಅವರೆಲ್ಲ ಪಾಳ್ಯಗಳ ಸುತ್ತ ಕಂದಾಯ ಜಮೀನಿನಲ್ಲಿ ನಿವೇಶನ ಕೊಂಡು ಮನೆ ಕಟ್ಟಿದರು. ಅಚ್ಚುಕಟ್ಟಿನ ಗದ್ದೆ ಮೂವತ್ತು-ನಲವತ್ತರ ನಿವೇಶನವಾಯಿತು. ಗದ್ದೆಗೆ ಹೋಗುವ ಕಾಲುದಾರಿಯೇ ಅಡ್ಡರಸ್ತೆಯಾಯಿತು. ಕಗ್ಗದಾಸಪುರದ ರಸ್ತೆಗಳು ಏಕೆ ಹೀಗೆ ಅಂಕುಡೊಂಕು ಎಂದು ಕೇಳುವವರಿಗೆ ಉತ್ತರ ಇಷ್ಟೇ. ಆಮೇಲೆ ಬಂದ ಸಾಫ್ಟ್‌ವೇರ್ ಪಾರ್ಕು, ಅಪಾರ್ಟ್‌ಮೆಂಟುಗಳಿಗೂ ಅದೇ ದಾರಿ, ಅದೇ ರೈಲ್ವೆ ಗೇಟು. ಬೈಯಪ್ಪನಹಳ್ಳಿಯಿಂದ ಹೊಸೂರು ಕಡೆಗೆ ಹೋಗುವ ಆ ಹಳಿಯ ಮೇಲೆ ಮೇಲ್ಸೇತುವೆ ಬೇಕೆಂಬ ಮಾತು ಬಹಳ ವರ್ಷಗಳಷ್ಟು ಹಳೆಯದು.

ಈಗ ನೀರಿನ ವಿಷಯಕ್ಕೆ ಬರೋಣ. ಕೆರೆಯ ನೀರು ಬಿಟ್ಟು ಬೆಂಗಳೂರು ನದಿಗೆ ಕೈಚಾಚಿದ್ದು 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಕಾವೇರಿಯ ಮೊದಲ ಹಂತ 1974ರಲ್ಲಿ ಬಂತು, ಮುಂದೆ ಹಂತಹಂತವಾಗಿ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ಪಂಪ್ ಮಾಡಬೇಕು. ಪಾಲಿಕೆಯ ಹಳೆಯ ಗಡಿಯೊಳಗಿನವರಿಗೆ ಮೊದಲು, ಸುತ್ತಣ ನಗರಸಭೆಗಳಿಗೆ ಆಮೇಲೆ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿಕೊಂಡ 110 ಹಳ್ಳಿಗಳಿಗೆಂದೇ ರೂಪಿಸಿದ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಗಡಿರೇಖೆಯ ಯಾವ ಪಕ್ಕದಲ್ಲಿ ಮನೆ ಎಂಬುದರ ಮೇಲೆ ನಲ್ಲಿ ನೀರೋ ಟ್ಯಾಂಕರ್ ನೀರೋ ಎಂಬುದು ನಿಂತಿತ್ತು. ಹದಿನೇಳು ವರ್ಷವೆಂದರೆ ಒಂದು ಮಗು ಹುಟ್ಟಿ ಕಾಲೇಜು ಸೇರುವಷ್ಟು ಕಾಲ.

ಪೈಪು ಬಂದ ಮೇಲೂ ಇಪ್ಪತ್ನಾಲ್ಕು ಗಂಟೆ ನೀರು ಬರುವುದಿಲ್ಲ. ನೆಲಮಟ್ಟದ ದೊಡ್ಡ ತೊಟ್ಟಿಯಿಂದ ಹೊರಟ ನೀರನ್ನು ಇವತ್ತು ಈ ಅಡ್ಡರಸ್ತೆಗಳಿಗೆ, ನಾಳೆ ಆ ಅಡ್ಡರಸ್ತೆಗಳಿಗೆ ಎಂದು ತಿರುಗಿಸಬೇಕು. ಎಲ್ಲಕ್ಕೂ ಒಮ್ಮೆಗೇ ಬಿಟ್ಟರೆ ಒತ್ತಡ ಬಿದ್ದುಹೋಗಿ ದಿಬ್ಬದ ಮೇಲಿನ ಮನೆಗಳಿಗೆ ಹನಿಯೂ ಏರದು. ರಸ್ತೆಯಲ್ಲಿನ ಸಣ್ಣ ಕಬ್ಬಿಣದ ಮುಚ್ಚಳ ತೆರೆದು, ಉದ್ದನೆಯ ಕೀಲಿಕೈ ಇಳಿಸಿ ತಿರುಗಿಸುವವನು ವಾಲ್ವ್‌ಮನ್. ಬೀದಿಯವರ ಬಾಯಲ್ಲಿ ‘ನೀರು ಬಿಡೋನು’. ಅವನು ಬರುವ ಹೊತ್ತು ಗೃಹಿಣಿಯರಿಗೆ ಬಾಯಿಪಾಠ. ಅವನ ಮೊಬೈಲ್ ಸಂಖ್ಯೆ ಶಾಸಕರ ಸಂಖ್ಯೆಗಿಂತ ಹೆಚ್ಚು ಮನೆಗಳಲ್ಲಿರುತ್ತದೆ. ತೂಬು ಎತ್ತುತ್ತಿದ್ದ ನೀರುಗಂಟಿಯ ಕೆಲಸಕ್ಕೂ ಇವನದಕ್ಕೂ ವ್ಯತ್ಯಾಸ ಬಹಳವಿಲ್ಲ. ಎಲ್ಲರಿಗೂ ಸಾಲದ್ದನ್ನು ಸರದಿಯಂತೆ ಹಂಚಬೇಕು, ಎಲ್ಲರಿಂದಲೂ ಬೈಸಿಕೊಳ್ಳಬೇಕು. ಗ್ರಾಮ ಪಂಚಾಯಿತಿಗಳಲ್ಲಂತೂ ಕುಡಿಯುವ ನೀರು ಬಿಡುವ ನೌಕರನಿಗೆ ಇಂದಿಗೂ ನೀರುಗಂಟಿ ಎಂದೇ ಹೆಸರು.

2024ರ ಬೇಸಗೆಯಲ್ಲಿ ಈ ಹಂಚಿಕೆ ಎಷ್ಟು ಬಿಗಿಯಾದದ್ದು ಎಂಬುದನ್ನು ಊರೆಲ್ಲ ಕಂಡಿತು. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಇದೇ ಪೂರ್ವ ಬೆಂಗಳೂರಿನ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಕರೆತರಬೇಕಾಯಿತು. ಒಂದು ವರ್ಷ ನೀರಿಲ್ಲ, ಇನ್ನೊಂದು ವರ್ಷ ನೀರಿನೊಳಗೇ ಮನೆ. ಎರಡಕ್ಕೂ ಮೂಲ ಒಂದೇ. ನೀರು ನಿಲ್ಲಬೇಕಾದ ಕೆರೆ, ಹರಿಯಬೇಕಾದ ಕಾಲುವೆ ಎರಡೂ ಕಿರಿದಾದವು. ಕಗ್ಗದಾಸಪುರದ ಕೆರೆಗೆ ಒಳಚರಂಡಿ ನೀರು ಸೇರುವುದು, ಜೊಂಡು ಬೆಳೆಯುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಗದ್ದೆಯೇ ಇಲ್ಲದ ಮೇಲೆ ಆ ಕೆರೆಯ ತೂಬಿಗೆ ಕೆಲಸವಿಲ್ಲ ನಿಜ. ಕೋಡಿಗೆ ಮಾತ್ರ ಕೆಲಸ ತಪ್ಪಿಲ್ಲ, ಮಳೆ ಬಂದಾಗಲೆಲ್ಲ ನೀರಿಗೆ ಹೊರದಾರಿ ಬೇಕೇ ಬೇಕು.

ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು? ನೀರು, ಒಳಚರಂಡಿಗೆ ಜಲಮಂಡಳಿಯ 1916. ವಿದ್ಯುತ್ತಿಗೆ ಬೆಸ್ಕಾಂನ 1912. ನೋಡಿದರೆ ಇಸವಿಗಳಂತೆ ಕಾಣುವ ಈ ಸಂಖ್ಯೆಗಳೇ ಇಂದಿನ ಆಯಗಾರರು. ರಸ್ತೆ, ಕಸ, ಬೀದಿದೀಪದ್ದು ಪಾಲಿಕೆಯ ಪಾಲು. ಅಲ್ಲಿಯೇ ಗೊಂದಲ. ಬಿ.ಬಿ.ಎಂ.ಪಿ.ಗೆ 2010ರ ಚುನಾವಣೆಯಲ್ಲಿ 198 ವಾರ್ಡುಗಳಿದ್ದವು. 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ಮೇಲೆ 2025 ಕಳೆಯುವವರೆಗೂ ಚುನಾವಣೆ ನಡೆಯಲಿಲ್ಲ. ಅಷ್ಟರಲ್ಲಿ ಬಿ.ಬಿ.ಎಂ.ಪಿ.ಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರಪಾಲಿಕೆಗಳಾದವು. ಸಿ.ವಿ. ರಾಮನ್ ನಗರ ಕ್ಷೇತ್ರ ಬಿದ್ದದ್ದು ಪೂರ್ವ ಪಾಲಿಕೆಗಲ್ಲ, ಕೇಂದ್ರ ಪಾಲಿಕೆಗೆ! ಚಿಕ್ಕಪೇಟೆ, ಗಾಂಧಿನಗರಗಳ ಜೊತೆ. ಪಕ್ಕದ ಮಹದೇವಪುರ, ಕೆ.ಆರ್. ಪುರ ಕ್ಷೇತ್ರಗಳು ಪೂರ್ವ ಪಾಲಿಕೆಗೆ. ಮಳೆನೀರು ಪೂರ್ವಕ್ಕೇ ಹರಿಯುತ್ತದೆ. ಮೇಲಿನ ಚರಂಡಿ ಒಂದು ಪಾಲಿಕೆಯದು, ಅದು ಹೋಗಿ ಬೀಳುವ ತಗ್ಗು ಇನ್ನೊಂದರದು. ನಕ್ಷೆ ಬರೆದವರು ಮತದಾರರ ಲೆಕ್ಕ ನೋಡಿದರು, ಇಳಿಜಾರು ನೋಡಲಿಲ್ಲ ಎಂದೇ ಅನಿಸುತ್ತದೆ.

ಕಾರ್ಪೊರೇಟರ್ ಇಲ್ಲದ ವರ್ಷಗಳಲ್ಲಿ ಸೇವೆಯನ್ನು ಎಳೆದುತಂದವರು ಬಹುಪಾಲು ನಿವಾಸಿಗಳ ಸಂಘಗಳು. ಅವುಗಳಲ್ಲಿ ಓಡಾಡುವವರು ಹೆಚ್ಚಾಗಿ ನಿವೃತ್ತರು. ಅರ್ಜಿ ಬರೆಯುವ ಅಭ್ಯಾಸ ಕಾರ್ಖಾನೆಯಿಂದಲೇ ಬಂದದ್ದು. ಗುಂಡಿ ಮುಚ್ಚಿಸಲು ಕಾಗದ, ಕೆರೆ ಏರಿಯ ಮೇಲೆ ಭಾನುವಾರದ ಕಸ ಹೆಕ್ಕುವಿಕೆ, ಉದ್ಯಾನದಲ್ಲಿ ಆರೋಗ್ಯ ತಪಾಸಣೆ, ನವೆಂಬರಿನಲ್ಲಿ ಧ್ವಜ, ಭಾದ್ರಪದದಲ್ಲಿ ಗಣಪತಿ. ಒಂದು ಕೊರತೆ ಮಾತ್ರ ಎದ್ದುಕಾಣುತ್ತದೆ. ಸ್ವಂತ ಮನೆಯವರು ಸಂಘದಲ್ಲಿದ್ದಾರೆ, ಬಾಡಿಗೆಯವರು ಅಷ್ಟಾಗಿ ಇಲ್ಲ. ಪಾಳ್ಯದ ಹಳೆಯ ಕುಟುಂಬಗಳು ಊರ ಹಬ್ಬದಲ್ಲಿ ಸೇರುತ್ತಾರೆ, ಸಂಘದ ಸಭೆಗೆ ಬರುವುದು ಅಪರೂಪ. ಚೈತ್ರದ ಹುಣ್ಣಿಮೆಯ ಸುಮಾರಿಗೆ ಹಲಸೂರಿನ ಹೂವಿನ ಪಲ್ಲಕ್ಕಿಗೆ ಈ ಕಡೆಯ ಹಳಬರು ಮನೆಮಂದಿಯೆಲ್ಲ ಹೋಗುತ್ತಾರೆ. ಅಪಾರ್ಟ್‌ಮೆಂಟಿನವರಿಗೆ ಆ ಸುದ್ದಿ ತಿಳಿಯುವುದು ರಸ್ತೆ ಬಂದಾದಾಗ.

ತಮಟೆಯ ಸದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಇಂದು ಸುದ್ದಿ ಯಾವ ಗುಂಪಿನ ಮೊಬೈಲಿಗೆ ಬಂತೋ ಅವರದಷ್ಟೇ. ನಾಳೆ ನೀರಿಲ್ಲ ಎಂಬ ಜಲಮಂಡಳಿಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಅದರಲ್ಲಿ ‘ಸಿ.ವಿ. ರಾಮನ್ ನಗರದ ಕೆಲವು ಭಾಗಗಳು ಮತ್ತು ಸುತ್ತಮುತ್ತ’ ಎಂದಿರುತ್ತದೆ. ಕೆಲವು ಭಾಗ ಯಾವುದು, ಸುತ್ತಮುತ್ತ ಎಂದರೆ ಎಲ್ಲಿಯವರೆಗೆ? ಪ್ರಕಟಣೆ ಬರೆಯುವವರು ನಾಗವಾರಪಾಳ್ಯ, ಮಲ್ಲೇಶಪಾಳ್ಯ, ಬೈರಸಂದ್ರ, ಕಗ್ಗದಾಸಪುರ ಎಂದು ಊರು ಹಿಡಿದು, ಅಡ್ಡರಸ್ತೆ ಹಿಡಿದು ಬರೆದರೆ ನಾಲ್ಕು ಸಾಲು ಹೆಚ್ಚಾದೀತು, ನಾಲ್ಕು ಬೀದಿಯವರು ಹಿಂದಿನ ರಾತ್ರಿಯೇ ಕೊಡ ತುಂಬಿಸಿಟ್ಟುಕೊಂಡಾರು.

ಇಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳುವವರಿಗೂ ಹಳೆಯ ಹೆಸರಿನಿಂದ ಕೆಲಸವುಂಟು. ಭೂಮಾಪನ ಇಲಾಖೆಯ ಗ್ರಾಮನಕ್ಷೆಗಳಲ್ಲಿ ಸಿ.ವಿ. ರಾಮನ್ ನಗರವೆಂಬ ಗ್ರಾಮ ಸಿಗುವುದಿಲ್ಲ, ಬೈರಸಂದ್ರ, ಕಗ್ಗದಾಸಪುರ ಎಂದೇ ಹುಡುಕಬೇಕು. ಸರ್ವೆ ನಂಬರು ಹಿಡಿದು ನೋಡಿದರೆ ಕೆರೆಯಂಗಳ ಎಲ್ಲಿಯವರೆಗೆ, ಕಾಲುವೆ ಯಾವ ಮನೆಗಳ ಹಿಂದೆ ಹಾಯುತ್ತದೆ ಎಂಬುದು ಗೆರೆ ಎಳೆದಂತೆ ಕಾಣುತ್ತದೆ. ಕಂದಾಯ ಇಲಾಖೆಯ ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶದಲ್ಲೂ ನಿಂತ ಜಾಗದ ಸರ್ವೆ ನಂಬರು ತಿಳಿಯಬಹುದು, ಕಾಸು ಖರ್ಚಿಲ್ಲ. ಮುಂಗಡ ಕೊಡುವ ಮೊದಲು ಒಂದು ಸಂಜೆ ಅದನ್ನು ನೋಡಿ. ಪಾಳ್ಯದ ಹಿರಿಯರೊಬ್ಬರನ್ನು ಹುಡುಕಿ, ಕೋಡಿ ಯಾವ ಕಡೆಗೆ ಬೀಳುತ್ತಿತ್ತು ಎಂದೂ ಕೇಳಿ.